ಹೊಯ್ ಸಳ, ಬೇಸ್‌ಮೆಂಟಿಗೆ ಬಾ!

ಮೊನ್ನೆ ರಾತ್ರಿ ಹನ್ನೊಂದೂಕಾಲಿಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ಚಿರತೆ ನುಗ್ಗಿತು. ಮಸುಕು ಫೋಟೊ, ಕಾರಿನ ಹಿಂದೆ ಬಾಲದಂಥದ್ದೇನೋ. ಹನ್ನೊಂದೂವರೆಗೆ ಅದು ಬಿ ಬ್ಲಾಕಿನಿಂದ ಕ್ಲಬ್‌ಹೌಸಿಗೆ ಹೋಗಿಯಾಗಿತ್ತು, ಹನ್ನೆರಡಕ್ಕೆ ಎರಡು ಮರಿಯನ್ನೂ ಹಾಕಿತ್ತು. ಹನ್ನೆರಡೂ ಹತ್ತಕ್ಕೆ ನಾಲ್ಕನೇ ಮಹಡಿಯ ಮಹನೀಯರು ತೀರ್ಪು ಕೊಟ್ಟರು: "ಕಂಡಲ್ಲಿ ಗುಂಡು ಹಾಕಬೇಕು. ನಾವು ಟ್ಯಾಕ್ಸ್ ಕಟ್ಟೋದು ಯಾಕೆ?" ಅರವತ್ತೆರಡು ಹೆಬ್ಬೆರಳು ಮೇಲೆದ್ದವು.

ಈ ಮಹನೀಯರ ಬಗ್ಗೆ ನನಗೆ ಅಪಾರ ಗೌರವ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂನಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷದ ಮಾಂಸ ತಿಂದು ಸತ್ತವಲ್ಲ, ಆಗ ಇದೇ ಗ್ರೂಪಿನಲ್ಲಿ ಮೊದಲ ಮೇಣದಬತ್ತಿ ಹಚ್ಚಿದವರು ಇವರು. "ಇಂಥ ರಾಕ್ಷಸರನ್ನ ನೇಣಿಗೆ ಹಾಕಬೇಕು" ಅಂತಲೂ ಬರೆದಿದ್ದರು. ನೇಣು, ಗುಂಡು ಎರಡೂ ಅವರಲ್ಲಿ ಸದಾ ಸಿದ್ಧ. ಯಾರಿಗೆ ಯಾವುದು ಅನ್ನುವುದು ಕಿಲೋಮೀಟರಿನ ಮೇಲೆ ನಿಂತಿದೆ. ಇನ್ನೂರು ಕಿಲೋಮೀಟರ್ ಆಚೆಯಿದ್ದರೆ ಕಾಡಿನ ರಾಜ. ಸಫಾರಿ ಜೀಪಿನಿಂದ ಇಪ್ಪತ್ತು ಮೀಟರಿನಲ್ಲಿದ್ದರೆ ಡಿಪಿ. ಬೇಸ್‌ಮೆಂಟಿನಲ್ಲಿದ್ದರೆ ಕ್ರೂರಮೃಗ.

ತಪ್ಪು ನಮ್ಮದಲ್ಲ ಬಿಡಿ, ರಕ್ತದಲ್ಲೇ ಬಂದದ್ದು. ನಮ್ಮದೊಂದು ರಾಜವಂಶ ಶುರುವಾದದ್ದೇ ಹೀಗೆ ಅಂತ ಐತಿಹ್ಯ. ಸೊಸೆವೂರಿನ ವಾಸಂತಿಕಾ ದೇವಿಯ ಗುಡಿಯ ಬಳಿ ಪಾಠ ನಡೆದಿತ್ತು, ಹುಲಿ ಬಂತು, ಸುದತ್ತ ಮುನಿಗಳು "ಹೊಯ್, ಸಳ" ಅಂದರು, ಹುಡುಗ ಹೊಯ್ದ. ಅಲ್ಲಿಗೆ ಸಾಮ್ರಾಜ್ಯ ರೆಡಿ. ನನಗೆ ಮೊದಲಿನಿಂದಲೂ ಒಂದು ಅನುಮಾನ: ಮುನಿಗಳು ತಾವೇ ಯಾಕೆ ಹೊಯ್ಯಲಿಲ್ಲ? ಅಪ್ಪಣೆ ಕೊಡುವವರು ಒಬ್ಬರು, ಹುಲಿಯ ಮುಂದೆ ನಿಲ್ಲುವವರು ಇನ್ನೊಬ್ಬರು ಎಂಬ ಪದ್ಧತಿ ಅಂದಿನದೇ ಇರಬೇಕು. ಬೇಲೂರಿನ ಕಲ್ಲಿನಲ್ಲಿ ಸಳ ಹೊಯ್ಯುತ್ತಿರುವುದು ಹುಲಿಯನ್ನೋ ಸಿಂಹವನ್ನೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಫೋಟೊದಲ್ಲಿರುವುದು ಚಿರತೆಯೋ ಸಿ ಬ್ಲಾಕಿನ ಆಂಟಿಯ ಬೆಕ್ಕೋ ಎಂಬುದೂ ಅಷ್ಟೇ.

ಕಾಕತಾಳೀಯ ನೋಡಿ, ಯಾರೋ ಫೋನ್ ಮಾಡಿದ್ದಕ್ಕೆ ಗೇಟಿಗೆ ಬಂದದ್ದು ಪೊಲೀಸರ ಹೊಯ್ಸಳ ಗಾಡಿಯೇ! ಬಾಲ್ಕನಿಗಳಲ್ಲಿ ಮುನಿಗಳು ಅರವತ್ತೆರಡು ಜನ, ಕೆಳಗೆ ಸಳ ಇಬ್ಬರು, ಒಬ್ಬರಿಗೆ ಮಂಡಿನೋವು. "ಪ್ರಾಣಿ ವಿಷಯ ಫಾರೆಸ್ಟ್‌ನೋರಿಗೆ ಸೇರ್ತದೆ ಸಾರ್, ತಿಳಿಸಿದ್ದೀವಿ. ಬಾಗಿಲು ಹಾಕ್ಕೊಂಡ್ ಮಲ್ಕಳಿ" ಅಂದರು. ಇದಕ್ಕಿಂತ ಬುದ್ಧಿಮಾತನ್ನು ನಮ್ಮ ಗ್ರೂಪು ಈ ಜನ್ಮದಲ್ಲಿ ಕೇಳಿಲ್ಲ. ಮಹನೀಯರಿಗೆ ಸಮಾಧಾನವಾಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಚಿರತೆಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರೇ ಲಿಖಿತವಾಗಿ ಆದೇಶಿಸಬೇಕು, ಅದೂ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಬಿಡಲು ಸಾಧ್ಯವೇ ಇಲ್ಲವೆಂದಾಗ ಎಂದು ನಾನು ಹಾಕಿದ ಮೆಸೇಜಿಗೆ ಒಂದೇ ಒಂದು ಹೆಬ್ಬೆರಳು ಬಂತು. ಅದು ಕೆಳಮುಖವಾಗಿತ್ತು.

2023ರ ಅಕ್ಟೋಬರ್ ನೆನಪಿದೆಯಲ್ಲ? ಕೊರಳಿಗೆ ಹುಲಿ ಉಗುರು ನೇತುಹಾಕಿಕೊಂಡಿದ್ದವನನ್ನು ರಿಯಾಲಿಟಿ ಶೋ ಮನೆಯಿಂದಲೇ ಕರೆದೊಯ್ದರು. ಆಮೇಲೆ ಯಾರ ಕತ್ತಿನಲ್ಲಿ ಉಗುರಿದೆ ಎಂದು ಹುಡುಕಿದ್ದೇ ಹುಡುಕಿದ್ದು. ಅದೇ ತಿಂಗಳ ಕೊನೆಗೆ ಉಗುರು, ಮೈ, ಬಾಲ ಎಲ್ಲ ಸೇರಿದ ಜೀವಂತ ಚಿರತೆಯೊಂದು ಸಿಂಗಸಂದ್ರ, ಕೂಡ್ಲು ಗೇಟ್ ಕಡೆ ಓಡಾಡಿತು. ನವೆಂಬರ್ 1ರಂದು, ಊರೆಲ್ಲ ಬಾವುಟ ಹಾರಿಸುತ್ತಿದ್ದಾಗ, ಹಿಡಿಯಹೋದವರ ಮೇಲೆ ಎರಗಿ ಗುಂಡಿಗೆ ಸತ್ತಿತು.

ತೋಳದ ಪಾಡು ಇನ್ನೂ ಕಷ್ಟ. ಹುಲಿಯ ಹೆಸರಿನಲ್ಲಿ ವೇಷವಿದೆ, ಚಿರತೆಯ ಹೆಸರಿನಲ್ಲಿ ಲೇಔಟ್ ಇಡಬಹುದು. 'ತೋಳ ರೆಸಿಡೆನ್ಸಿ'ಯಲ್ಲಿ ಯಾರು ಫ್ಲಾಟ್ ತಗೋತಾರೆ? ಬ್ರಿಟಿಷರ ಕಾಲದಲ್ಲಿ ಅದನ್ನು ಕೊಂದು ತಂದರೆ ಇನಾಮು ಸಿಗುತ್ತಿತ್ತು. ಈಗ ಕೊಪ್ಪಳದ ಬಂಕಾಪುರದಲ್ಲಿ ಅದಕ್ಕೆಂದೇ ಮುನ್ನೂರು ಚಿಲ್ಲರೆ ಹೆಕ್ಟೇರಿನ ಧಾಮವಿದೆ. ಆ ಕಡೆಯ ಕುರಿಗಾಹಿ ಅಜ್ಜನೊಬ್ಬ ಒಮ್ಮೆ ನನಗೆ ಹೇಳಿದ್ದ: "ವರ್ಷಕ್ಕ ಒಂದೆರಡು ಮರಿ ಒಯ್ತೈತ್ರಿ. ಅದರ ಪಾಲು ಅದಕ್ಕ." ಇಡೀ ಆಸ್ತಿ ಕುರಿಯಷ್ಟೇ ಆಗಿರುವವನು ಆಡಿದ ಮಾತು. ನಮ್ಮಲ್ಲಿ ಪಾರ್ಕಿಂಗಿನ ಅರ್ಧ ಅಡಿ ಪಕ್ಕದವನ ಪಾಲಿಗೆ ಹೋದರೆ ಕೋರ್ಟಿಗೆ ಹೋಗುತ್ತೇವೆ.

ಚಿರತೆಗೇನು ಕೆಲಸ ಇಲ್ಲಿ, ಎಂಬುದು ಗ್ರೂಪಿನ ಪ್ರಶ್ನೆ. ನಾವು ಕಸ ಎಸೆಯುತ್ತೇವೆ, ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ. ಇನ್ನು ಜಾಗದ ವಿಷಯ. ಬನ್ನೇರುಘಟ್ಟ ಉದ್ಯಾನದ ಸುತ್ತಲ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಆಯಿತು. ನೂರು ಚದರ ಕಿಲೋಮೀಟರನ್ನು ಯಾವ ಪ್ರಾಣಿ ತಿಂದಿತೋ, ಅದಕ್ಕೆ ಬೋನು ಇಟ್ಟವರನ್ನು ನಾನು ಕಂಡಿಲ್ಲ. 'ಫಾರೆಸ್ಟ್ ವ್ಯೂ' ಅಂತ ಹೆಚ್ಚಿಗೆ ದುಡ್ಡು ಕೊಟ್ಟು ಫ್ಲಾಟ್ ಕೊಂಡವರು, ಫಾರೆಸ್ಟು ತಿರುಗಿ ನೋಡಿದರೆ ಕಿರುಚುತ್ತೇವೆ.

ತಮಾಷೆ ಸಾಕು. ಹೂಗ್ಯಂನಲ್ಲಿ ಹುಲಿ ತಿಂದ ಹಸುವಿಗೆ ಕೆಂಚಿ ಅಂತ ಹೆಸರಿತ್ತು, ಪೇಪರಿನಲ್ಲಿ ಬಂದಿತ್ತು. ವಿಷ ಇಟ್ಟದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಂಚಿಗೆ ಒಂದೂ ಮೇಣದಬತ್ತಿ ಹಚ್ಚದವರು, ಬಾಲದ ಫೋಟೊಗೇ ಬಂದೂಕು ಕೇಳುವವರು, ಹಟ್ಟಿಯ ಪಕ್ಕ ಹುಲಿ ಮಲಗುವ ಊರಿನವರಿಗೆ ಕರುಣೆಯ ಪಾಠ ಹೇಳುವುದನ್ನು ಕೇಳಿ ಕೇಳಿ ನನಗೆ ಸುಸ್ತಾಗಿದೆ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆಯ ಬೊಮ್ಮಲಾಪುರದ ರೈತರು ಹುಲಿಗಿಟ್ಟ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ನಾವು ನಕ್ಕು ಫಾರ್ವರ್ಡ್ ಮಾಡಿದೆವು. ಅಲ್ಲಿ ಒಳಗಿದ್ದವರೂ ಬಡವರು, ಬೀಗ ಹಾಕಿದವರೂ ಬಡವರು.

ಬೆಳಿಗ್ಗೆ ಆರಕ್ಕೆ ಗೊತ್ತಾಯಿತು, ಆ ಫೋಟೊ ಬೇರೆ ಯಾವುದೋ ಊರಿನದು, ಹೋದ ವರ್ಷದ್ದು. ಗ್ರೂಪು ನೀರಿನ ಟ್ಯಾಂಕರಿನ ವಿಷಯಕ್ಕೆ ಹೊರಳಿತು. ನಾನು ಹಾಲಿಗೆ ಇಳಿದಾಗ ಗೇಟಿನಲ್ಲಿ ಕನಕಪುರದ ಕಡೆಯ ಸೆಕ್ಯೂರಿಟಿ ತಾತ ಕೂತಿದ್ದ. ರಾತ್ರಿ ಬೇಸ್‌ಮೆಂಟನ್ನು ಪೂರ್ತಿ ನೋಡಿ ಬರಲು ಮಹನೀಯರು ಇಂಟರ್‌ಕಾಮಿನಲ್ಲಿ ಅಪ್ಪಣೆ ಕೊಟ್ಟದ್ದು ಅವನಿಗೇ. ಹೋಗಿ ಬಂದಿದ್ದ, ಒಬ್ಬನೇ.

"ಹೆದ್ರಿಕೆ ಆಗ್ಲಿಲ್ವಾ ತಾತ?"

"ಇದ್ರೂ ಅದು ನಾಯಿಗ್ ಬಂದಿರ್ತದೆ ಸಾಮಿ, ನಮ್ಗಲ್ಲ. ಟಾರ್ಚಿಗೆ ಸೆಲ್ ಮಾತ್ರ ಕೊಡ್ಸಿ, ಕತ್ಲಲ್ಲಿ ಮೆಟ್ಲು ಕಾಣಾಕಿಲ್ಲ."

ಸೆಲ್ ಕೇಳಿ ಮೂರು ತಿಂಗಳಾಯಿತಂತೆ. ಮುಂದಿನ ಸಭೆಯ ಅಜೆಂಡಾ ತೆಗೆದು ನೋಡಿದೆ. ಇದೆ, 'ಇತರೆ ವಿಷಯಗಳು' ಅನ್ನುವುದರ ಕೆಳಗೆ.