ಪ್ರೀತಿಗೊಂದು ಅಳತೆಪಟ್ಟಿ

ಸಂಗಾತಿಯನ್ನು ಹುಡುಕಿಕೊಳ್ಳುವ ಆ್ಯಪ್ ನಡೆಸುವ ಟಿಂಡರ್ ಸಂಸ್ಥೆಯವರ ಹಾಸ್ಯಪ್ರಜ್ಞೆಯ ಬಗ್ಗೆ ನನಗೀಗ ಯಾವ ಅನುಮಾನವೂ ಉಳಿದಿಲ್ಲ. 2019ರ ಮೂರ್ಖರ ದಿನದ ಹೊತ್ತಿಗೆ ಅವರು, ಸದಸ್ಯರ ಎತ್ತರವನ್ನು ಪರಿಶೀಲಿಸಿ ದೃಢೀಕರಣದ ಬಿಲ್ಲೆಯೊಂದನ್ನು ದಯಪಾಲಿಸುವುದಾಗಿಯೂ, ಅದಕ್ಕಾಗಿ ಯಾವುದಾದರೂ ವಾಣಿಜ್ಯ ಕಟ್ಟಡದ ಪಕ್ಕ ನಿಂತ ಚಿತ್ರವನ್ನು ಕಳುಹಿಸಬೇಕೆಂದೂ ಪ್ರಕಟಿಸಿದ್ದರು. ಅದು ತಮಾಷೆ ಎಂದು ತಿಳಿದ ಮೇಲೆ ಜನ ನಕ್ಕು ಸುಮ್ಮನಾದರು. ಆರು ವರ್ಷ ಕಳೆದು, 2025ರಲ್ಲಿ, ಹೆಚ್ಚು ಹಣ ತೆರುವ ಸದಸ್ಯರು ತಮ್ಮ ಸಂಗಾತಿ ಎಷ್ಟು ಎತ್ತರವಿರಬೇಕೆಂದು ಸೂಚಿಸುವ ಸೌಲಭ್ಯವನ್ನು ಅದೇ ಸಂಸ್ಥೆ ಪ್ರಯೋಗಕ್ಕಿಟ್ಟಿತು. ಈ ಸಲ ಅದು ತಮಾಷೆಯಾಗಿರಲಿಲ್ಲ. ಇದರಿಂದ ಯಾರನ್ನೂ ಹೊರಗಿಡುವುದಿಲ್ಲ, ಇದು ಕೇವಲ ಆದ್ಯತೆ ಎಂಬ ಸಮಜಾಯಿಷಿಯೂ ಬಂತು. ಮುಖ ನೋಡಿ ಮಣೆ ಹಾಕುವವರು ಎಂದಿನಿಂದಲೂ ಹೇಳುತ್ತ ಬಂದದ್ದು ಇದನ್ನೇ: ಯಾರನ್ನೂ ಹೊರಗಟ್ಟಿಲ್ಲ, ಮಣೆ ಮಾತ್ರ ಹಾಕಿಲ್ಲ.

ಸಂಸ್ಥೆಯನ್ನೊಂದೇ ದೂರುವುದು ನ್ಯಾಯವಲ್ಲ. ಹೇಳಿದ ಕಥೆಯನ್ನೇ ನಾಲ್ಕನೆಯ ಸಲ ಹೇಳುವಾಗಲೂ ಅಡ್ಡಬಾಯಿ ಹಾಕದೆ ಕೇಳುವ ತಾಳ್ಮೆಯನ್ನು, ವಾದದಲ್ಲಿ ಗೆದ್ದ ಮೇಲೆ ಅದನ್ನು ಮರುದಿನ ಎತ್ತಿ ಆಡದಿರುವ ದೊಡ್ಡತನವನ್ನು ಯಾವ ಅಂಕಣದಲ್ಲಿ ಭರ್ತಿ ಮಾಡಿಸಬೇಕು? ಅಂಗುಲವಾದರೆ ಅನುಕೂಲ. ಅದರಲ್ಲಿ ಸುಳ್ಳು ಹೇಳುವುದೂ ಸುಲಭ. ಓಕೆಕ್ಯುಪಿಡ್ ಎಂಬ ಇನ್ನೊಂದು ತಾಣ ತನ್ನ ಪುರುಷ ಸದಸ್ಯರು ಬರೆದುಕೊಂಡ ಎತ್ತರವನ್ನು ಅಮೆರಿಕದ ಜನಸಂಖ್ಯೆಯ ಅಂಕಿಗಳೊಡನೆ ಹೋಲಿಸಿ, ಇವರೆಲ್ಲ ಸರಾಸರಿ ಎರಡು ಅಂಗುಲ ಸೇರಿಸಿಕೊಂಡಿದ್ದಾರೆ ಎಂದು 2010ರಲ್ಲೇ ಬರೆದಿತ್ತು. ಬಾಳಿನುದ್ದಕ್ಕೂ ಜೊತೆಗಿರುವೆನೆಂದು ಹೇಳಹೊರಟವನು ಮೊದಲ ಸಾಲಿನಲ್ಲೇ ಎರಡು ಅಂಗುಲ ಸಾಲ ಮಾಡುತ್ತಾನೆ. ಎದುರು ನಿಂತ ಕ್ಷಣ ಸಾಲಗಾರ ಸಿಕ್ಕಿಬೀಳುತ್ತಾನೆ.

ಸುಳ್ಳು ಹೇಳಲು ಮನಸ್ಸೊಪ್ಪದ ಪ್ರಾಮಾಣಿಕರಿಗೆ ಬೇರೆ ದಾರಿಯಿದೆ. ಸೈಬೀರಿಯದ ಕುರ್ಗಾನ್ ಎಂಬಲ್ಲಿ ಗವ್ರೀಲ್ ಇಲಿಜಾರೋವ್ ಎಂಬ ವೈದ್ಯರು 1950ರ ದಶಕದಲ್ಲಿ, ಯುದ್ಧದಲ್ಲಿ ಗಾಯಗೊಂಡು ಮೂಳೆ ಕೂಡದೆ ನರಳುತ್ತಿದ್ದವರಿಗಾಗಿ ಒಂದು ವಿಧಾನವನ್ನು ರೂಪಿಸಿದರು. ಕಾಲಿನ ಸುತ್ತ ಲೋಹದ ಬಳೆಗಳನ್ನು ತೊಡಿಸಿ, ಅವುಗಳಿಂದ ಹೊರಟ ತಂತಿಗಳನ್ನು ಮೂಳೆಯೊಳಗೆ ಹಾಯಿಸಿ, ಮೂಳೆಯನ್ನು ಕತ್ತರಿಸಿ, ಆ ಎರಡು ತುಂಡುಗಳನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತ ಹೋಗುತ್ತಾರೆ. ನಡುವಿನ ತೆರಪಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಒಂದು ಅಂಗುಲಕ್ಕೆ ಇಪ್ಪತ್ತೈದು ದಿನಗಳ ಎಳೆತ, ಆಮೇಲೆ ಮೂಳೆ ಗಟ್ಟಿಯಾಗುವ ತನಕ ತಿಂಗಳುಗಟ್ಟಲೆ ಊರುಗೋಲು. ಕುಂಟುತ್ತಿದ್ದವರನ್ನು ನಡೆಸಿದ ಅಪೂರ್ವ ವಿದ್ಯೆ ಅದು. ಅದೇ ವಿದ್ಯೆಯ ಸುಧಾರಿತ ರೂಪಗಳಲ್ಲಿ ಇಂದು, ಚೆನ್ನಾಗಿ ನಡೆಯುತ್ತಿರುವ, ಓಡಬಲ್ಲ ಗಂಡಸರು ತಮ್ಮ ಆರೋಗ್ಯವಂತ ಮೂಳೆಗಳನ್ನು ಕತ್ತರಿಸಿಕೊಳ್ಳುತ್ತಿದ್ದಾರೆ. ಇಲ್ಲಿ ನನಗೆ ವಿಡಂಬನೆ ತೋಚುವುದಿಲ್ಲ. ಆರಡಿ ಇಲ್ಲದವನನ್ನು ಯಾರು ತಾನೇ ಪ್ರೀತಿಸುತ್ತಾರೆ ಎಂದು ಒಬ್ಬ ಹುಡುಗನಿಗೆ ಅನ್ನಿಸುವಂತೆ ಮಾಡಿ, ಆಮೇಲೆ ಅದನ್ನು ವೈಯಕ್ತಿಕ ಆಯ್ಕೆ ಎಂದು ಕರೆಯುವುದು ನಾಚಿಕೆಗೇಡು. ಮೈಬಣ್ಣ, ತೂಕ, ಮೂಗಿನ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಇದನ್ನೇ ಎಷ್ಟು ಕಾಲದಿಂದ ಮಾಡಲಾಗಿದೆಯೆಂಬುದು ಗಂಡಸರಿಗೆ ಈಗಲಾದರೂ ತಿಳಿಯಬಹುದು ಎಂಬ ಸಮಾಧಾನ ಕೂಡ ದೊಡ್ಡದೇನಲ್ಲ.

ಚಿತ್ರವಿಲ್ಲದೆ ಪರಿಚಯವಾದರೆ ಏನಾಗುತ್ತದೆ ಎಂಬುದು ಈ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಓಕೆಕ್ಯುಪಿಡ್‌ನವರು 2013ರ ಜನವರಿಯಲ್ಲಿ, ಮುಖ ನೋಡದೆ ಭೇಟಿ ಏರ್ಪಡಿಸುವ ಹೊಸದೊಂದು ಆ್ಯಪ್‌ನ ಪ್ರಚಾರಕ್ಕಾಗಿ, ಕೆಲವು ಗಂಟೆಗಳ ಕಾಲ ಎಲ್ಲ ಸದಸ್ಯರ ಚಿತ್ರಗಳನ್ನೂ ಮರೆಮಾಡಿದರು. ಮೊದಲ ಸಂದೇಶಗಳಿಗೆ ಉತ್ತರ ಶೇ. 44ರಷ್ಟು ಹೆಚ್ಚಿತು, ಮಾತು ಆಳಕ್ಕಿಳಿಯಿತು. ಸಂಜೆ ನಾಲ್ಕಕ್ಕೆ ಚಿತ್ರಗಳು ಮರಳಿದಾಗ ಸುಮಾರು 2,200 ಜನ ಮಾತಿನ ನಡುವೆಯಿದ್ದರು. ಹೆಚ್ಚಿನ ಮಾತುಕತೆ ಅಲ್ಲಿಗೇ ನಿಂತುಹೋಯಿತು. ಮೂರೂ ಐವತ್ತೊಂಬತ್ತಕ್ಕೆ ಮನಸ್ಸು ಬಿಚ್ಚಿದ್ದವರು ನಾಲ್ಕಕ್ಕೆ ಕೆಲಸ ನೆನಪಾಗಿ ಎದ್ದುಹೋದರು! ಸದಸ್ಯರನ್ನು ಪ್ರಯೋಗದ ಇಲಿಗಳಂತೆ ನೋಡಿದ್ದಕ್ಕೆ ಆಮೇಲೆ ಸಾಕಷ್ಟು ಆಕ್ಷೇಪ ಬಂತು. ಎದ್ದುಹೋದ ಇಲಿಗಳ ಬಗ್ಗೆ ಮಾತನಾಡಿದವರು ಕಡಿಮೆ. ಹೊಸ ಆ್ಯಪ್ ಮೂಲಕ ನಿಜವಾಗಿ ಎದುರುಬದುರು ಕುಳಿತವರು ಮಾತ್ರ, ಎದುರಿಗಿದ್ದವರ ರೂಪ ಹೇಗೇ ಇದ್ದರೂ, ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ಸಂತೋಷಪಟ್ಟಿದ್ದರು. 2015ರಲ್ಲಿ ಪ್ರಕಟವಾದ, 167 ಜೋಡಿಗಳನ್ನು ಕುರಿತ ಅಮೆರಿಕದ ಅಧ್ಯಯನವೊಂದು ಹೇಳುವುದೂ ಇದಕ್ಕೆ ಹತ್ತಿರವಾದದ್ದು: ಬಹುಕಾಲ ಪರಿಚಿತರಾಗಿದ್ದು ನಂತರ ಪ್ರೀತಿಸಿದವರ ನಡುವೆ ರೂಪದ ಹೊಂದಾಣಿಕೆ ಅಷ್ಟಾಗಿ ಕಾಣುವುದಿಲ್ಲ, ಕಂಡೊಡನೆ ಜೊತೆಯಾದವರಲ್ಲಿ ಅದು ಎದ್ದು ಕಾಣುತ್ತದೆ.

ಅಂದರೆ ಅಲ್ಲಿ ಬೇಕಿದ್ದದ್ದು ಸಮಯ. ಅದನ್ನು ಕೊಡಿಸುವ ವ್ಯವಸ್ಥೆಯೇನೂ ಕಷ್ಟದ್ದಲ್ಲ, ಚಿತ್ರವನ್ನು ಒಂದು ವಾರ ತಡವಾಗಿ ತೋರಿಸಿದರೂ ಸಾಕಿತ್ತು. ಆದರೆ ಮುಖ ಮರೆಸುವ ಆ ಆ್ಯಪ್ ಬಹುಕಾಲ ಬಾಳಲಿಲ್ಲ, ಮುಚ್ಚಿಹೋಯಿತು. 2025ರಲ್ಲಿ ಹಣ ಕೊಟ್ಟವರಿಗೆ ಪ್ರಯೋಗಕ್ಕೆಂದು ಸಿಕ್ಕಿದ್ದು ಎತ್ತರದ ಆಯ್ಕೆ. ಎರಡು ಅಂಗುಲ ಸುಳ್ಳು ಹೇಳಿದವನನ್ನು ಅದು ಹಿಡಿಯುವುದೂ ಇಲ್ಲ.