ನಡುರಾತ್ರಿಯ ಬಿಸಿಲಿಗೆ ಹಾಕಿದ ಅಡಿಕೆ

ನಮ್ಮ ಕಾಸರಗೋಡಿನಲ್ಲಿ ತೆಗೆದ ಆ ದೆವ್ವದ ಸಿನಿಮಾ ಮೂರೇ ದಿನಕ್ಕೆ ಟಾಕೀಸಿನಿಂದ ಇಳಿಯಿತಲ್ಲ, ಗಡಿನಾಡಿನವರಿಗೆ ಕನ್ನಡಾಭಿಮಾನ ಸಾಲದು ಅಂತ ನಿರ್ಮಾಪಕರಿಗೆ ಬೇಸರವಾಗಿದೆ. ಸರಿ ಸ್ವಾಮಿ, ತಪ್ಪೆಲ್ಲ ನಮ್ಮದೇ.

ಇವರ ಲೆಕ್ಕವೇ ಚಂದ. ನವೆಂಬರ್ ಒಂದರ ಭಾಷಣಕ್ಕೆ ಕಾಸರಗೋಡು ಕನ್ನಡದ ನೆಲ. ಮಂತ್ರವಾದಿ ಬೇಕಾದಾಗ ಕೇರಳ. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ, ಕೇರಳದಲ್ಲಿರುವ ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು, ಆಗಲಿಲ್ಲ. ಇವರು ಅದನ್ನು ಒಂದೇ ಮೇಕಪ್ಪಿನಲ್ಲಿ ತೀರ್ಮಾನ ಮಾಡಿಬಿಟ್ಟರು: ಕಪ್ಪು ಮುಂಡು, ಹಣೆ ತುಂಬ ಕುಂಕುಮ, ಅರ್ಧಂಬರ್ಧ ಮಲಯಾಳ.

ಸಿನಿಮಾದವರು ಮೊದಲು ಬಂದದ್ದು ಆಟಿ ತಿಂಗಳಲ್ಲಿ, ಅಂದರೆ ನಡು ಮಳೆಗಾಲದಲ್ಲಿ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ, ಮಳೆ ಬಿಟ್ಟ ಕೂಡಲೇ ಶೂಟಿಂಗ್ ಅಂತ ಕಾದು ಕೂತರು. ಜನರೇಟರಿನ ಬಾಡಿಗೆ ಏರುತ್ತಿತ್ತು, ಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಗಂಟುಮೂಟೆ ಕಟ್ಟಿ ಹೋದವರು ಡಿಸೆಂಬರಿನಲ್ಲಿ ಮತ್ತೆ ಬಂದರು. ಆಗ ಕ್ಲೈಮ್ಯಾಕ್ಸಿಗೆ ಮಳೆ ಬೇಕಿತ್ತು. ಟ್ಯಾಂಕರ್ ತರಿಸಿದರು!

ಅಷ್ಟರಲ್ಲಿ ನಾಯಕಿಯ ಕಾಲ್‌ಶೀಟ್ ಮುಗಿದಿತ್ತು. ಹಾಗಾಗಿ ಇಂಟರ್‌ವಲ್ ನಂತರ ದೆವ್ವ ಮುಖವನ್ನೇ ತೋರಿಸುವುದಿಲ್ಲ. ಮೊದಲರ್ಧದಲ್ಲಿ ಅದರ ಪಾದ ಹಿಂದುಮುಂದು. ಆಮೇಲೆ ನೆಟ್ಟಗಾಗಿದೆ, ಹವಾಯಿ ಚಪ್ಪಲಿಯೂ ಬಂದಿದೆ. ಲೈಟಿಗೆ ದುಡ್ಡಿಲ್ಲದೆ ನಡುರಾತ್ರಿಯ ದೃಶ್ಯವನ್ನು ಹಗಲೇ ತೆಗೆದು ನೀಲಿ ಬಣ್ಣ ಕೊಟ್ಟಿದ್ದಾರೆ. ದೆವ್ವ ಕಿರುಚುತ್ತಾ ಅಂಗಳ ದಾಟುತ್ತದೆ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದೆ. ಒಬ್ಬ ಅಜ್ಜ ಕಾಲಿನಲ್ಲಿ ಸಾಲೆಳೆಯುತ್ತಾ ಅದನ್ನು ಮಗುಚುತ್ತಿದ್ದಾರೆ. ತಲೆ ಕೂಡ ಎತ್ತುವುದಿಲ್ಲ. ಇಡೀ ಸಿನಿಮಾದಲ್ಲಿ ನಟನೆ ಅಂತ ಇದ್ದರೆ ಅದೊಂದೇ.

ಅಜ್ಜ ಯಾಕೆ ಹೆದರಬೇಕು ಹೇಳಿ? ನಮ್ಮ ಕಡೆ ಭೂತಕ್ಕೆ ಕೋಲ ಕೊಟ್ಟು, ಎದುರು ಕೈಮುಗಿದು ನಿಂತು, ಬೇಲಿಯ ತಕರಾರು ಹೇಳಿಕೊಳ್ಳುತ್ತೇವೆ. ತಾಲೂಕು ಆಫೀಸಿಗಿಂತ ಬೇಗ ಇತ್ಯರ್ಥವಾಗುತ್ತದೆ.

ಬಜೆಟ್ ಕಡಿಮೆ ಅನ್ನುವ ನೆಪ ಬೇಡ. ಮುಂಬೈಯ ರಾಮ್ಸೆ ಸಹೋದರರು ಮಹಾಬಲೇಶ್ವರದ ಗೆಸ್ಟ್‌ಹೌಸಿನಲ್ಲಿ ಠಿಕಾಣಿ ಹೂಡಿ, ಮೂರೂವರೆ ಲಕ್ಷ ರೂಪಾಯಿಯಲ್ಲಿ ದೆವ್ವದ ಸಿನಿಮಾ ಮುಗಿಸಿ 1972ರಲ್ಲಿ ಗೆದ್ದವರು. ಏಳು ಜನ ಅಣ್ಣತಮ್ಮಂದಿರು, ಒಬ್ಬರು ಕ್ಯಾಮೆರಾ, ಒಬ್ಬರು ಸೌಂಡ್. ಅಡುಗೆಯೂ ಮನೆಯವರದೇ.

ಇವರಿಗೆ ಅಡುಗೆ ಮಾಡಿ ಹಾಕಿದ್ದು ನಮ್ಮ ಪಕ್ಕದ ಮನೆಯ ಅಕ್ಕ. ದಿನಕ್ಕೆ ಮೂರು ಹೊತ್ತು, 40 ಜನ. ಕುಚ್ಚಲಕ್ಕಿ ಆಗುವುದಿಲ್ಲ, ಬೆಳ್ತಿಗೆ ಅನ್ನವೇ ಬೇಕು ಅಂತ ಬೇರೆ. ಅಂಗಡಿಯಲ್ಲಿ ಸಾಲ ಬರೆಸಿ ಬೇಯಿಸಿದರು. ದುಡ್ಡು ಇವತ್ತಿಗೂ ಬಂದಿಲ್ಲ. ಫೋನ್ ಮಾಡಿದರೆ, ಸರ್ಕಾರದ ಸಬ್ಸಿಡಿ ಬರಲಿ ಅಕ್ಕಾ ಅನ್ನುತ್ತಾರೆ. ಲೈಟ್ ಹುಡುಗರ ದಿನಭತ್ಯೆಯೂ ಆ ಸಬ್ಸಿಡಿಯಲ್ಲೇ ಇದೆಯಂತೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬೇಯಿಸಿ ಹಾಕಿದವರಿಗೆ ದುಡ್ಡು ಕೊಡಲು ಆಗದಿದ್ದರೆ ಸಿನಿಮಾ ತೆಗೆಯಬೇಡಿ. ಯಾರೂ ನಿಮ್ಮ ಕಾಲು ಹಿಡಿದಿರಲಿಲ್ಲ.

ಈಗ ಭಾಗ ಎರಡು ಬರುತ್ತದಂತೆ. ಮೊನ್ನೆ ಲೊಕೇಶನ್ ನೋಡಲು ಬಂದ ಇಬ್ಬರು ಅಕ್ಕನ ಮನೆಗೂ ಹೋಗಿ, "ಈ ಸಲವೂ ಊಟ ನಿಮ್ಮದೇ" ಅಂದರು. ಅಕ್ಕ ಒಳಗೆ ಕರೆದು, ಬೆಲ್ಲ ನೀರು ಕೊಟ್ಟು, ಹಳೆಯ ಬಿಲ್ಲನ್ನು ಮುಂದಿಟ್ಟರು. ಇಬ್ಬರಿಗೂ ಒಟ್ಟಿಗೇ ಫೋನ್ ಬಂತು. "ಇಲ್ಲಿ ರೇಂಜ್ ಸಿಗ್ತಾ ಇಲ್ಲ ಅಕ್ಕಾ" ಅನ್ನುತ್ತಾ ಗೇಟು ದಾಟಿದರು.