ಬಾಯಿ ಒಬ್ಬರಿಗೆ, ಹೊಟ್ಟೆ ಇನ್ನೊಬ್ಬರಿಗೆ

ಈಗಷ್ಟೇ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ ಬಂದೆ. ಅರ್ಧ ಬಾಯಿ ಜೋಮು ಹಿಡಿದಿದೆ. ಸಿಟ್ಟಿಗೆ ಮಾತ್ರ ಯಾವ ಇಂಜೆಕ್ಷನ್ನೂ ಹತ್ತಿಲ್ಲ.

ನನಗೂ ನನ್ನ ದೊಡ್ಡ ಕರುಳಿಗೂ ಆರು ವರ್ಷದಿಂದ ನಡೆದಿರುವ ಜಗಳ ನಿಮಗೆಲ್ಲ ಗೊತ್ತು. ಅಲ್ಸರೇಟಿವ್ ಕೊಲೈಟಿಸ್. ಕರುಳಿನ ಒಳಗೋಡೆ ಊದಿಕೊಂಡು ಹುಣ್ಣಾಗುವ ಕಾಯಿಲೆ. (ಗ್ಯಾಸ್ ಅಲ್ಲ. ಓಂಕಾಳಿನ ಕಷಾಯ ಹೇಳಿಕೊಡೋರು ಇಲ್ಲೇ ನಿಲ್ಲಿ.) ಮೂರು ತಿಂಗಳಿಂದ ಹಲ್ಲುಜ್ಜಿದಾಗಲೆಲ್ಲ ಒಸಡಿನಿಂದ ರಕ್ತ. "ಸರ್, ನನಗೆ ಕರುಳಿನ ಕಾಯಿಲೆ ಇದೆ" ಅಂದೆ. ನನ್ನ ಬಾಯೊಳಗೆ ಕನ್ನಡಿ ಹಿಡಿದುಕೊಂಡೇ ನಕ್ಕರು. "ಹೊಟ್ಟಿಗೂ ಹಲ್ಲಿಗೂ ಏನ್ ಸಂಬಂಧ ರೀ ಮೇಡಂ?"

ಬಾಯಿ ತುಂಬ ಹತ್ತಿ. ಏನಂತ ಉತ್ತರ ಕೊಡಲಿ?

ಹೈದರಾಬಾದಿನ ಹೊಟ್ಟೆ ಡಾಕ್ಟರೂ ಕಡಿಮೆ ಇಲ್ಲ. ಮೂರು ಸಲ ಆ ಕಡೆಯಿಂದ ಕ್ಯಾಮೆರಾ ಹಾಕಿ ನೋಡಿದ್ದಾರೆ. ಈ ಕಡೆಯಿಂದ ಒಂದು ಸಲ "ಆ ಅನ್ನಿ" ಅಂದಿಲ್ಲ.

ಸಂಬಂಧ ಏನು ಅಂದರೆ ಇದು. ದಿನಕ್ಕೆ ಒಂದು ಲೀಟರ್‌ನಷ್ಟು ಜೊಲ್ಲು ನುಂಗುತ್ತೇವೆ, ಅದರ ಜೊತೆ ಬಾಯಲ್ಲಿರುವ ಬ್ಯಾಕ್ಟೀರಿಯಾವನ್ನೂ. ಕರುಳು ಗಟ್ಟಿಯಾಗಿದ್ದರೆ ಅವಕ್ಕೆ ಅಲ್ಲಿ ಜಾಗ ಸಿಗಲ್ಲ. ಊದಿಕೊಂಡ ಕರುಳಾದರೆ ಬೇರೂರುತ್ತವೆ. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದನ್ನೇ ತೋರಿಸಿದರು. ಒಸಡು ಕೆಟ್ಟಾಗ ಬಾಯಲ್ಲಿ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಜಾಸ್ತಿಯಾಗಿ, ಕರುಳಿಗಿಳಿದು, ಅಲ್ಲಿನ ಉರಿಯೂತ ಹೆಚ್ಚಿಸಿದವು. ಇನ್ನೊಂದು ದಾರಿಯೂ ಇದೆ. ಒಸಡಿನಲ್ಲಿ ಈ ಬ್ಯಾಕ್ಟೀರಿಯಾ ಜೊತೆ ಕಾದಾಡಿ ಪಳಗಿದ ರೋಗನಿರೋಧಕ ಕಣಗಳು ಕರುಳಿಗೂ ಹೋಗಿ, ಅಲ್ಲೂ ಅವನ್ನೇ ಕಂಡು ಯುದ್ಧ ಶುರು ಮಾಡುತ್ತವೆ.

"ಅದು ಇಲಿ, ನೀನು ಮನುಷ್ಯಳು" ಅಂತ ನಮ್ಮ ಎಂಜಿನಿಯರ್ ಮೈದುನ ಈಗಾಗಲೇ ಟೈಪ್ ಮಾಡ್ತಿರಬಹುದು. ಒಪ್ಪಿದೆ ಮಾರಾಯ. ಹಲ್ಲುಜ್ಜಿದರೆ ಕೊಲೈಟಿಸ್ ವಾಸಿಯಾಗುತ್ತೆ ಅಂತ ನಾನೆಲ್ಲಿ ಹೇಳಿದೆ? ನನ್ನಂಥವರಲ್ಲಿ ಒಸಡಿನ ಕಾಯಿಲೆ ಜಾಸ್ತಿ ಅನ್ನೋದು ಮನುಷ್ಯರಲ್ಲೇ ಕಂಡಿದ್ದು. ಯಾವುದರಿಂದ ಯಾವುದು ಅನ್ನೋದು ಆಮೇಲಿನ ಮಾತು. ನಾನು ಕೇಳ್ತಿರೋದು ಇಷ್ಟೇ: ಒಂದು ಪ್ರಶ್ನೆ ಕೇಳೋಕೆ ಎಷ್ಟು ಹೊತ್ತು ಬೇಕು?

ಕೇಳದಿದ್ದರೆ ಏನಾಗುತ್ತೆ ನೋಡಿ. ಚೀಟಿಯಲ್ಲಿ ನೋವಿಗೆ ಡೈಕ್ಲೋಫೆನಾಕ್ ಬರೆದಿದ್ದರು. ನನ್ನಂಥ ಕರುಳನ್ನು ಅಂಥ ಮಾತ್ರೆ ಮತ್ತೆ ಕೆರಳಿಸಬಹುದು. ಹೇಳಿದೆ. ನಗು ನಿಂತಿತು. ಸುಮ್ನೆ ಗೀಟು ಹೊಡೆದು ಪ್ಯಾರಸಿಟಮಾಲ್ ಬರೆದರು.

ಒಂದು ನಿಜ ಒಪ್ಪಿಕೊಳ್ತೀನಿ. ಮೊದಮೊದಲು ಮಲದಲ್ಲಿ ರಕ್ತ ಹೋಗ್ತಿದ್ದದ್ದನ್ನು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಮೂಲವ್ಯಾಧಿ ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಮುಲಾಮು ತಂದೆ. ಅಲ್ಲಿನ ಹುಡುಗನಿಗೂ "ನಮ್ಮ ಮಾವಂಗೆ" ಅಂದಿದ್ದೆ. ಮಾವ ಪಾಪ, ಈ ಪೋಸ್ಟ್ ಓದ್ತಾರೆ.

ನಮ್ಮ ಅವ್ವನಿಗೆ ಎಲ್ಲಕ್ಕೂ ಉಷ್ಣವೇ ಕಾರಣ. ಒಸಡಲ್ಲಿ ರಕ್ತ ಬಂದರೂ ಉಷ್ಣ, ಕೆಳಗೆ ಬಂದರೂ ಉಷ್ಣ. ರಾಯಚೂರಿನ ಬಿಸಿಲಲ್ಲಿ ಅವಳನ್ನು ಬೈಯೋದೂ ಕಷ್ಟ. ಆರು ವರ್ಷ ಅದಕ್ಕೇ ಅವಳ ಜೊತೆ ಜಗಳಾಡಿದೆ. ಇವತ್ತು ಆಟೋದಲ್ಲಿ ಬರುವಾಗ ಹೊಳೆಯಿತು: ನನ್ನ ಬಾಯಿ, ಹೊಟ್ಟೆ ಎರಡೂ ಒಂದೇ ಮೈಯವು ಅಂತ ಇಷ್ಟು ವರ್ಷ ಹೇಳಿದ್ದು ಅವಳೊಬ್ಬಳೇ.

ಮನೆ ಮುಟ್ಟೋ ಮೊದಲೇ ಫೋನ್ ಬಂತು. "ಡಾಕ್ಟರ್ ಏನಂದ? ಉಷ್ಣ ಅಂದನಿಲ್ಲ?"

"ಹೂಂ ಬೇ" ಅಂದೆ.